ಓಸ್‌ಪ್ರೇ, ಚಿನೂಕ್ ಮತ್ತು ನಮ್ಮೂರಿನ ಜೆಸಿಬಿ

ನಿನ್ನೆ ಸಂಜೆ ಅಂಗಳದಲ್ಲಿ ಅಡಿಕೆ ರಾಶಿ ಮಾಡುತ್ತಿದ್ದೆ. ಅಳಿಯ ಫೋನ್ ಹಿಡಿದುಕೊಂಡು ಓಡಿ ಬಂದ. ಪರದೆಯಲ್ಲಿ ಅಮೆರಿಕದ ಓಸ್‌ಪ್ರೇ. ಹೆಲಿಕಾಪ್ಟರಿನ ಹಾಗೆ ನೆಟ್ಟಗೆ ಮೇಲೇಳುತ್ತದೆ, ಆಮೇಲೆ ರೆಕ್ಕೆಯ ತುದಿಯಲ್ಲಿರುವ ಎಂಜಿನ್‌ಗಳನ್ನೇ ಮುಂದಕ್ಕೆ ಬಾಗಿಸಿಕೊಂಡು ವಿಮಾನವಾಗಿ ಹಾರುತ್ತದೆ.

"ಮಾವ, ಗಂಟೆಗೆ 500 ಕಿಲೋಮೀಟರ್! ಚಿನೂಕ್ ಬರೀ 300. ನಮ್ಮವರು ಇದನ್ನು ಯಾಕೆ ತೆಗೊಳ್ಳುವುದಿಲ್ಲ?"

ಚಿನೂಕ್ ಅಂದರೆ ಹಿಂದೆ ಮುಂದೆ ಎರಡು ರೋಟರ್, ಅಂದರೆ ಮೇಲೆ ತಿರುಗುವ ದೊಡ್ಡ ರೆಕ್ಕೆಗಳಿರುವ, ಭಾರ ಹೊರುವ ಹೆಲಿಕಾಪ್ಟರ್. ಅವನ ಲೆಕ್ಕ ಅಲ್ಲಿಗೇ ಮುಗಿದಿತ್ತು. ನನ್ನ ಲೆಕ್ಕ ಬೇರೆ. ಬದಿಯಡ್ಕದ ಈ ಗುಡ್ಡಗಳ ನಡುವೆ ಮಳೆಗಾಲ ಕಳೆಯುವವನಿಗೆ ಸ್ಪೀಡಿಗಿಂತ ಮೊದಲು ನೆನಪಾಗುವುದು ಜೆಸಿಬಿ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಟಿವಿ ಮುಂದೆ ಕೂತು ನೋಡಿದ್ದೇವಲ್ಲ. ಸೇತುವೆ ಹೋಗಿತ್ತು. ಆಚೆ ದಡದಲ್ಲಿ ಮಣ್ಣಿನಡಿ ಜನ, ದೊಡ್ಡ ಯಂತ್ರಗಳೆಲ್ಲ ಈಚೆ ದಡದಲ್ಲಿ. ಸೇನೆಯವರು ರಾತ್ರಿ ಹಗಲು ದುಡಿದು 190 ಅಡಿಯ ಬೈಲಿ ಸೇತುವೆ (ಉಕ್ಕಿನ ತುಂಡುಗಳನ್ನು ಜೋಡಿಸಿ ಬೇಗ ಕಟ್ಟುವಂಥದ್ದು) ಮುಗಿಸುವಾಗ ಆಗಸ್ಟ್ 1 ಆಗಿತ್ತು.

ಅಂಥ ಹೊತ್ತಿಗೆ ಜೆಸಿಬಿಯನ್ನು ಆಕಾಶದಲ್ಲೇ ಹೊತ್ತು ದಾಟಿಸುವುದಾದರೆ? ಒಂದು ಜೆಸಿಬಿ ಸುಮಾರು ಏಳೂವರೆ ಟನ್. ಓಸ್‌ಪ್ರೇ ಎರಡು ಕೊಕ್ಕೆ ಸೇರಿಸಿ ನೇತಾಡಿಸಿದರೂ ಏಳು ಟನ್ ದಾಟುವುದಿಲ್ಲ. ಚಿನೂಕ್ ಹತ್ತು ಟನ್ ಹತ್ತಿರ ಹೊರುತ್ತದೆ. ಎತ್ತರಕ್ಕೆ ಹೋದಷ್ಟೂ, ಬಿಸಿಲು ಏರಿದಷ್ಟೂ ಈ ಲೆಕ್ಕ ಇಳಿಯುತ್ತದೆ, ಅದು ಬೇರೆ ಮಾತು. ನಮ್ಮ ವಾಯುಪಡೆಗೆ 2019ರಿಂದ ಚಿನೂಕ್ ಬರಲು ಶುರುವಾಗಿ, ಒಟ್ಟು 15 ಬಂದಿವೆ. ಕೇದಾರನಾಥದ ಮರುನಿರ್ಮಾಣಕ್ಕೆ ಭಾರೀ ಯಂತ್ರಗಳನ್ನು ಮೇಲೆ ಮುಟ್ಟಿಸಿದ್ದೂ ವಾಯುಪಡೆಯ ಹೆಲಿಕಾಪ್ಟರ್‌ಗಳೇ.

ಇನ್ನು ಗೇರ್‌ಬಾಕ್ಸ್ ವಿಷಯ. ನನ್ನ ಹಳೇ ಜೀಪಿನ ಗೇರ್ ಆಯಿಲ್ ಬದಲಿಸುವಾಗ ನಮ್ಮ ಮೆಕ್ಯಾನಿಕ್ ಒಂದು ಕೆಲಸ ಮಾಡುತ್ತಾನೆ. ಹಳೇ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯುತ್ತಾನೆ. ಬೆಳ್ಳಿ ಪುಡಿಯ ಹಾಗೆ ಮಿನುಗಿತೋ, "ಒಳಗೆ ಹಲ್ಲು ತಿನ್ಲಿಕ್ಕೆ ಶುರುವಾಗಿದೆ ಅಣ್ಣ, ಇದ್ರಲ್ಲಿ ಘಾಟಿ ಹತ್ತುದು ಬೇಡ" ಅನ್ನುತ್ತಾನೆ.

ಓಸ್‌ಪ್ರೇಯ ಗೇರ್‌ಬಾಕ್ಸಿನಲ್ಲಿ ಇದೇ ಕೆಲಸವನ್ನು ಮ್ಯಾಗ್ನೆಟ್ ಇರುವ ಸೆನ್ಸರ್ ಮಾಡುತ್ತದೆ. 2023ರ ನವೆಂಬರ್ 29ರಂದು ಜಪಾನಿನ ಯಾಕುಶಿಮಾ ದ್ವೀಪದ ಬಳಿ ಬಿದ್ದ ಓಸ್‌ಪ್ರೇಯಲ್ಲೂ, ಎಣ್ಣೆಯಲ್ಲಿ ಲೋಹದ ಚೂರು ಸೇರಿದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬಂದಿತ್ತು. ಅವರು ಹಾರುತ್ತಲೇ ಹೋದರು. ಎಡಗಡೆಯ ಗೇರ್‌ಬಾಕ್ಸಿನ ಒಂದು ಗೇರ್ ಒಡೆದುಹೋಯಿತು. ಎಂಟು ಜನ ಸತ್ತರು. ಆಮೇಲೆ ಅಮೆರಿಕ ಎಲ್ಲಾ ಓಸ್‌ಪ್ರೇಗಳನ್ನು ಸುಮಾರು ಮೂರು ತಿಂಗಳು ನೆಲದ ಮೇಲೇ ನಿಲ್ಲಿಸಿತು.

ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಲಚ್ ಜಾರಿ ಫಕ್ಕನೆ ಹಿಡಿದು ಐದು ಜನ ಹೋದರು. 2000ದಲ್ಲಿ ಅರಿಜೋನಾದಲ್ಲಿ 19 ಜನ. ಅಲ್ಲಿ ತೀರಾ ಬೇಗ ಕೆಳಗಿಳಿಯಲು ಹೋಗಿ ರೋಟರ್ ತಾನೇ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿಬಿದ್ದಿತ್ತು.

ಹಾಗಂತ ಚಿನೂಕ್ ದೇವರಲ್ಲ ಮಾರಾಯ್ರೇ. 1986ರಲ್ಲಿ ಸ್ಕಾಟ್‌ಲೆಂಡ್ ಪಕ್ಕದಲ್ಲಿ ಅದರ ನಾಗರಿಕ ಮಾದರಿಯ ಗೇರ್ ಕೆಟ್ಟು, ಎರಡು ರೋಟರ್ ಒಂದಕ್ಕೊಂದು ಹೊಡೆದು 45 ಜನ ಸತ್ತಿದ್ದಾರೆ. 2022ರಲ್ಲಿ ಎಂಜಿನ್‌ಗೆ ಬೆಂಕಿ ಹಿಡಿಯುತ್ತದೆ ಅಂತ ಅಮೆರಿಕದ ಸೇನೆಯೇ ತನ್ನ ಚಿನೂಕ್‌ಗಳನ್ನು ನಿಲ್ಲಿಸಿತ್ತು. ಆದರೆ ಅದರ ರೋಗಗಳು 1960ರ ದಶಕದಿಂದ ಗೊತ್ತಿರುವ ರೋಗಗಳು. ಎಂಜಿನ್ ಎರಡೂ ನಿಂತರೂ ಗಾಳಿಗೆ ರೋಟರ್ ತಿರುಗಿಸಿಕೊಂಡು ಇಳಿಯುವ ಒಂದು ಅವಕಾಶ ಇದೆ. ಓಸ್‌ಪ್ರೇಯ ಸಣ್ಣ ರೋಟರ್‌ಗೆ ಆ ಗುಣ ಬಹಳ ಕಡಿಮೆ. ಸಮುದ್ರದ ನಡುವೆ ಇರುವ ಹಡಗಿಗೆ ಬೇಗ ಹೋಗಿ ಬರಲು ಓಸ್‌ಪ್ರೇ ಒಳ್ಳೆಯದೇ, ಅಮೆರಿಕದ ನೌಕಾಪಡೆ ಅದಕ್ಕೇ ಬಳಸುತ್ತದೆ. ಆದರೂ ಹೊರಗಿನವರಲ್ಲಿ ಅದನ್ನು ಕೊಂಡದ್ದು ಜಪಾನ್ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಸರಿ ಮಾವ, ನಮ್ಮ ಶಾಲೆ ಮೈದಾನದಲ್ಲಿ ಚಿನೂಕ್ ಇಳಿಯಬಹುದಾ?"

ರೋಟರ್ ಸೇರಿ ಅದರ ಉದ್ದ ಸುಮಾರು 30 ಮೀಟರ್. ಮೈದಾನ ಸಾಕು. ಶಾಲೆಯ ಮಾಡಿನ ಹಂಚು ಮಾತ್ರ ಒಂದೂ ಉಳಿಯಲಿಕ್ಕಿಲ್ಲ ಅಂದೆ.

"ಹಾಗಾದ್ರೆ ಇಳಿಯುದು ಬೇಡ, ಮೇಲಿಂದಲೇ ಜೆಸಿಬಿ ಬಿಟ್ಟು ಹೋಗ್ಲಿ" ಅಂದ.