ಪರ್ಸಿಗೆ ಬೆಂಕಿ ಹತ್ತೋದಿಲ್ಲ, ಆದ್ರೂ ಭಟ್ಟಿಯೊಳಗ ಬ್ಯಾಡ

ಕಲಬುರಗಿ ಕಡೆ ಖಾನಾವಳಿಗೋ ಬೇಕರಿಗೋ ಭಟ್ಟಿ ಕಟ್ಟುವಾಗ ಗೌಂಡಿ ಹೇಳುವ ಮಾತು: "ಶಹಾಬಾದ್ ಪರ್ಸಿ ಹಾಕ್ರಿ, ಕಲ್ಲಿಗೇನು ಬೆಂಕಿ ಹತ್ತತೈತೇನ್ರಿ?" ಹತ್ತೋದಿಲ್ಲ, ಖರೆ. ಆದರೆ ಬೆಂಕಿ ಹತ್ತದಿರುವುದು ಬೇರೆ, ಬೆಂಕಿ ತಾಳುವುದು ಬೇರೆ. ಅಂಗಡಿಯಲ್ಲಿ ಎರಡನ್ನೂ 'ಫೈರ್‌ಪ್ರೂಫ್' ಅಂತಲೇ ಮಾರುತ್ತಾರೆ. ಭಟ್ಟಿಗೆ ಬೇಕಾದದ್ದು ಎರಡನೆಯದು. ಕಾರ್ಖಾನೆಯವರು ಅದನ್ನು ರಿಫ್ರ್ಯಾಕ್ಟರಿ ಅನ್ನುತ್ತಾರೆ. ಆ ಪದದ ಲ್ಯಾಟಿನ್ ಮೂಲಕ್ಕೆ ಹಟಮಾರಿ ಎಂಬ ಅರ್ಥ. ಪರ್ಸಿಗೆ ಆ ಹಟ ಇಲ್ಲ.

ಪರ್ಸಿ ಅಂದರೆ ಪದರು ಪದರಾದ ಸುಣ್ಣಕಲ್ಲು. ಸಂದಿನಲ್ಲಿ ಕುಳಿತ ತೇವ ಬಿಸಿಗೆ ಉಗಿಯಾಗಿ, ಮೇಲಿನ ಪದರು ಚಟಚಟ ಸಿಡಿದು ಏಳುತ್ತದೆ. ಉರಿ 850–900 ಡಿಗ್ರಿ ದಾಟಿದರೆ ಕಲ್ಲೇ ಸುಟ್ಟ ಸುಣ್ಣವಾಗುತ್ತದೆ. ಮುಂದೆ ನೀರು ತಾಗಿತೋ, ಅರಳಿ ಪುಡಿ ಪುಡಿ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಬದುಕಿರುವುದೇ ಸುಣ್ಣಕಲ್ಲಿನ ಈ ಗುಣದ ಮೇಲೆ. ಸಿಮೆಂಟಿಗೆ ಅರೆಯುವ ಸುಟ್ಟ ಗಟ್ಟಿ, ಅಂದರೆ ಕ್ಲಿಂಕರ್, ಬೇಯುವುದು ಸುಮಾರು 1450 ಡಿಗ್ರಿಯಲ್ಲಿ. ಆ ಉರಿ ಬೀಳುವ ಕಡೆ ಕಿಲ್ನ್ (ಕಾರ್ಖಾನೆಯ ದೊಡ್ಡ ಭಟ್ಟಿ) ಒಳಗೋಡೆಗೆ ಸಾಮಾನ್ಯವಾಗಿ ಮ್ಯಾಗ್ನೀಷಿಯಾ ಇಟ್ಟಂಗಿ ಹಾಕುತ್ತಾರೆ. ಪರ್ಸಿ ಅಲ್ಲಿ ಗೋಡೆಯಲ್ಲ, ಕಚ್ಚಾಮಾಲು.

ರೊಟ್ಟಿ, ಬ್ರೆಡ್ಡಿನ ಭಟ್ಟಿಗೆ ಅಷ್ಟೆಲ್ಲ ಬೇಡ. 30–40 ಶೇಕಡ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಇರುವ ಫೈರ್‌ಕ್ಲೇ, ಅಂದರೆ ಬೆಂಕಿ ತಾಳುವ ಜೇಡಿಮಣ್ಣಿನ, ಇಟ್ಟಂಗಿ ಸಾಕು. ಭಾರತೀಯ ಮಾನಕದ ಐಎಸ್ 6 ಅಥವಾ ಐಎಸ್ 8 ಗುರುತು ಕೇಳಿ. 230×115×75 ಮಿ.ಮೀ. ಅಳತೆಯದು, ಮೂರಡಿ ಚೌಕದ ತಳಕ್ಕೆ ಮಲಗಿಸಿ ಹಾಸಿದರೆ 32 ಬೇಕು, ಒಡೆಯುವುದಕ್ಕೆಂದು ಮೂರ್ನಾಲ್ಕು ಹೆಚ್ಚಿಗೆ ತನ್ನಿ. ಬಣ್ಣ ಕೆನೆಗೆ ಹತ್ತಿರ ಇರುತ್ತದೆ. ಕಡುಗೆಂಪು ಬಂದರೆ ವಾಪಸ್ ಕಳಿಸಿ, ಅದು ಸಾದಾ ಇಟ್ಟಂಗಿ.

ಇಟ್ಟಂಗಿ ಒಳ್ಳೆಯದಿದ್ದೂ ಕೆಲಸ ಕೆಡುವುದು ಗಾರೆಯಲ್ಲಿ. ಸಾದಾ ಸಿಮೆಂಟ್ ಗಾರೆ 400–500 ಡಿಗ್ರಿಗೆ ಬಲ ಕಳೆದುಕೊಳ್ಳುತ್ತದೆ; ಆಮೇಲೆ ತೇವ ಕುಡಿದು ಉಬ್ಬುತ್ತದೆ. ಎರಿಮಣ್ಣು ಅಂತೂ ಮುಟ್ಟಲೇಬೇಡಿ. ಬ್ಯಾಸಗಿಯಲ್ಲಿ ಹೊಲ ಬಿರಿಯುವುದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಫೈರ್‌ಕ್ಲೇ ಪುಡಿಯನ್ನು ನೀರಲ್ಲಿ ಮೊಸರಿನ ಹದಕ್ಕೆ ಕಲಸಿ, ಇಟ್ಟಂಗಿಯ ಮೈಗೆ ಬಳಿದು, ಒತ್ತಿ ಕೂಡಿಸಿ. ಸಂದು 3 ಮಿ.ಮೀ. ಮೀರಬಾರದು. ಗೌಂಡಿಗಳಿಗೆ ಅರ್ಧ ಇಂಚಿನ ರೂಢಿ ಇರುತ್ತದೆ, ಪಕ್ಕದಲ್ಲೇ ನಿಂತು ಮಾಡಿಸಬೇಕು. ಬಿಸಿಗೆ ಹಿಗ್ಗಲು ಹೊರಗೋಡೆಯ ಬಳಿ 6 ಮಿ.ಮೀ. ಬಿಟ್ಟು ಸೆರಾಮಿಕ್ ಫೈಬರ್ (ಬಿಸಿ ತಾಳುವ ಹತ್ತಿಯಂಥ ನಾರು) ತುಂಬಿ, ಇಲ್ಲದಿದ್ದರೆ ಬಿರುಕು ಹೊರಗೋಡೆಗೆ ಬರುತ್ತದೆ. ತಳದ ಕೆಳಗೆ ಬಿಸಿ ತಡೆಯುವ ಇನ್ಸುಲೇಶನ್ ಇಟ್ಟಂಗಿ ಒಂದು ವರಸೆ ಇರಲಿ, ಬಿಸಿ ನೇರ ಸ್ಲ್ಯಾಬಿಗೆ ಇಳಿಯಬಾರದು.

ಕಟ್ಟಿದ ಮರುದಿನವೇ ದೊಡ್ಡ ಉರಿ ಹಾಕುವ ಅವಸರ ಬಹಳ ಕಡೆ ಇದೆ. ಸಂದಿನ ನೀರು ಉಗಿಯಾಗಿ ಜೋಡಣೆಯನ್ನೇ ಎಬ್ಬಿಸುತ್ತದೆ. ನಾಲ್ಕೈದು ದಿನ ನೆರಳಿನಲ್ಲಿ ಒಣಗಲಿ. ನಂತರ ಮೂರು ದಿನ ಸಣ್ಣ ಉರಿ, ದಿನದಿನಕ್ಕೆ ಸ್ವಲ್ಪ ಹೆಚ್ಚು. ರಾತ್ರಿ ಬಂದ್ ಮಾಡುವಾಗ ಕೆಂಡದ ಮೇಲೆ ನೀರು ಸುರಿಯಬೇಡಿ, ಹೊರಗೆ ಎಳೆದು ಆರಿಸಿ. ಪರ್ಸಿ ತಂದಿಟ್ಟಾಗಿದ್ದರೆ ಹಿಟ್ಟು ನಾದುವ ಕಟ್ಟೆಗೆ ಹಾಕಿಸಿ, ಅಲ್ಲಿ ಅದಕ್ಕಿಂತ ಚಲೋ ಕಲ್ಲು ಇಲ್ಲ.