ವಿಷ ಹಾಕದವನೇ ಸಾಕ್ಷಿ ತರಲಿ

ಕೋಲಾರ ಜಿಲ್ಲೆಯಲ್ಲಿ ಎರಡು ಎಕರೆ ಜಮೀನು, ಒಂದು ಕೊಳವೆಬಾವಿ ಮತ್ತು ಎರಡು ಹಸು ಇರುವ ರೈತನೊಬ್ಬ ಇನ್ನು ಮುಂದೆ ಟೊಮೆಟೊ, ಬೀನ್ಸ್, ಎಲೆಕೋಸುಗಳನ್ನು ರಾಸಾಯನಿಕ ಮುಟ್ಟದೆ ಬೆಳೆಯುತ್ತೇನೆಂದು ತೀರ್ಮಾನಿಸಿದರೆ, ಆ ದಿನದಿಂದಲೇ ಅವನು ಅನುಮಾನಾಸ್ಪದ ವ್ಯಕ್ತಿಯಾಗುತ್ತಾನೆ. ನಿನ್ನೆಯವರೆಗೆ ಅಂಗಡಿಯವನು ಕೊಟ್ಟ ಬಾಟಲಿಯನ್ನು ಪಂಪಿಗೆ ಸುರಿದು ಸಿಂಪಡಿಸುತ್ತಿದ್ದಾಗ, ಏನು ಹೊಡೆದೆ, ಎಷ್ಟು ಹೊಡೆದೆ, ಹೊಡೆದ ಎಷ್ಟನೇ ದಿನಕ್ಕೆ ಕೊಯ್ದೆ ಎಂದು ಅವನ ಬದುವಿನ ಬಳಿ ಬಂದು ಕೇಳಿದವರಿಲ್ಲ. ಹೊಡೆಯುವುದನ್ನು ನಿಲ್ಲಿಸಿದ ಮೇಲೆ ಮಾತ್ರ ಕೇಳುವವರು ಸಾಲುಗಟ್ಟಿ ಬರುತ್ತಾರೆ, ಮತ್ತು ಪ್ರತಿಯೊಬ್ಬರ ಕೈಯಲ್ಲೂ ಒಂದು ನಮೂನೆ ಇರುತ್ತದೆ.

ತನ್ನ ಬೆಳೆ ಸಾವಯವವೆಂದು ಸಾಬೀತುಪಡಿಸಲು ಸರ್ಕಾರ ಇವನ ಮುಂದೆ ಎರಡು ದಾರಿಗಳನ್ನು ತೆರೆದಿಟ್ಟಿದೆ. ಮೊದಲನೆಯದು, ಪ್ರಮಾಣೀಕರಣ ಸಂಸ್ಥೆಗೆ ಶುಲ್ಕ ಕಟ್ಟಿ, ತಪಾಸಣೆಗೆ ಒಳಗಾಗಿ ಪತ್ರ ಪಡೆಯುವುದು. ರಫ್ತನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಏರ್ಪಾಡು, ಸಂತೆಗೆ ನಾಲ್ಕು ಕ್ರೇಟ್ ಬೀನ್ಸ್ ಒಯ್ಯುವವನ ಕೈಗೆ ಎಟುಕುವಂಥದ್ದಲ್ಲ. ಎರಡನೆಯದು ಪಿಜಿಎಸ್ ಎಂಬ ಸಹಭಾಗಿತ್ವದ ಖಾತರಿ ವ್ಯವಸ್ಥೆ. ಇದರಲ್ಲಿ ಕನಿಷ್ಠ ಐವರು ರೈತರು ಗುಂಪು ಕಟ್ಟಿ, ಪ್ರತಿಜ್ಞೆ ಸ್ವೀಕರಿಸಿ, ಒಬ್ಬರ ಹೊಲವನ್ನು ಮತ್ತೊಬ್ಬರು ತಪಾಸಣೆ ಮಾಡಿ, ಒಬ್ಬರ ಪ್ರಾಮಾಣಿಕತೆಗೆ ಮತ್ತೊಬ್ಬರು ಜಾಮೀನು ನಿಲ್ಲಬೇಕು. ಕಲ್ಪನೆ ಒಳ್ಳೆಯದೇ; ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಬದು ಒತ್ತುವರಿಯ ಜಗಳದಲ್ಲಿ ತಾತನ ಕಾಲದಿಂದ ಮಾತು ಬಿಟ್ಟಿರುವ ಎರಡು ಮನೆಯವರನ್ನು ಪರಸ್ಪರರ ತಪಾಸಕರನ್ನಾಗಿ ನೇಮಿಸುವ ಧೈರ್ಯ ದೆಹಲಿಯಲ್ಲಿ ಕುಳಿತವರಿಗೆ ಮಾತ್ರ ಬರಲು ಸಾಧ್ಯ. ಸಾವಯವ ಕೃಷಿಗೆಂದು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಪರಂಪರಾಗತ ಕೃಷಿ ವಿಕಾಸ ಯೋಜನೆ ಇನ್ನೂ ಮುಂದೆ ಹೋಗಿ, ಅಕ್ಕಪಕ್ಕದ ಹೊಲಗಳು ಸೇರಿದ 20 ಹೆಕ್ಟೇರ್, ಅಂದರೆ 50 ಎಕರೆಯ ಗುಚ್ಛವನ್ನೇ ಬಯಸಿತು. ಎರಡು ಎಕರೆಯವನು ಉಳಿದ 48 ಎಕರೆಯ ಮನವೊಲಿಸಲು ಹೊರಟರೆ, ಅಷ್ಟು ಮನೆಗಳ ಜಗಲಿಯಲ್ಲಿ ಕುಳಿತು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಂಗಾರು ಕಳೆದಿರುತ್ತದೆ.

ಹೇಗೋ ಗುಂಪು ಆಯಿತೆನ್ನೋಣ. ವಾರ್ಷಿಕ ಬೆಳೆಗಳಿಗೆ ಎರಡು ವರ್ಷದ ಪರಿವರ್ತನಾ ಅವಧಿ ಇದೆ. ಆ ಎರಡು ವರ್ಷ ಅವನು ಯೂರಿಯಾ ಹಾಕುವಂತಿಲ್ಲ, ಬೆಳೆದದ್ದನ್ನು ಪೂರ್ಣ ಸಾವಯವವೆಂದು ಮಾರುವಂತೆಯೂ ಇಲ್ಲ. ಮಣ್ಣು ಸುಧಾರಿಸಿಕೊಳ್ಳುವವರೆಗೆ ಇಳುವರಿ ಇಳಿಯುತ್ತದೆ, ಮಂಡಿಯ ಹರಾಜಿನಲ್ಲಿ ಅವನ 15 ಕಿಲೋ ಟೊಮೆಟೊ ಬಾಕ್ಸು ಪಕ್ಕದವನ ಬಾಕ್ಸಿನೊಂದಿಗೆ ಒಂದೇ ದರಕ್ಕೆ ಹೋಗುತ್ತದೆ, ಗಾತ್ರ ಸಣ್ಣದಿದ್ದರೆ ಅದಕ್ಕಿಂತ ಕಡಿಮೆಗೆ. ಮಣ್ಣಿಗೆ ಎರಡು ವರ್ಷ ಬೇಕೆಂದು ಲೆಕ್ಕ ಹಾಕಿದ ವಿಜ್ಞಾನಿಗಳು, ಅಷ್ಟು ಕಾಲ ಹೊಟ್ಟೆಗೆ ಏನು ಬೇಕೆಂಬ ಲೆಕ್ಕವನ್ನು ಬೇರೆ ಇಲಾಖೆಗೆ ಬಿಟ್ಟಿರಬೇಕು.

ನನಗೆ ಅತ್ಯಂತ ಪ್ರಿಯವಾದ ನಿಯಮವೆಂದರೆ ಅಂಚಿನ ರಕ್ಷಣಾ ಪಟ್ಟಿಯದು. ಪಕ್ಕದ ಹೊಲದವನು ಸಿಂಪಡಿಸಿದ ಔಷಧ ಗಾಳಿಯಲ್ಲಿ ತೇಲಿ ಬರುತ್ತದೆ. ಆದ್ದರಿಂದ ಅಂಚಿನಲ್ಲಿ ಜಾಗ ಬಿಡಬೇಕು ಅಥವಾ ಎತ್ತರದ ಗಿಡಗಳ ತಡೆ ಬೆಳೆಸಬೇಕು. ಯಾರು? ಸಿಂಪಡಿಸದವನು. ಅವನ ಎರಡು ಎಕರೆಯ ನಾಲ್ಕೂ ಬದಿಯಲ್ಲಿ ಹೀಗೆ ಜಾಗ ಬಿಡುತ್ತಾ ಬಂದರೆ, ನಡುವೆ ಉಳಿಯುವುದನ್ನು ಹೊಲ ಎನ್ನುವುದಕ್ಕಿಂತ ಹಿತ್ತಲು ಎಂದರೆ ಸರಿಯಾದೀತು. ಸಿಂಪಡಿಸುವವನು ಮಾತ್ರ ಬದುವಿನ ಕೊನೆಯ ಅಂಗುಲದವರೆಗೂ ಉತ್ತು ಬೆಳೆಯುತ್ತಾನೆ, ಗಾಳಿಯ ದಿಕ್ಕು ನೋಡುವ ಗೊಡವೆಯೂ ಅವನಿಗಿಲ್ಲ.

ಪ್ರೋತ್ಸಾಹವೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಮಿಷನ್‌ಗೆ 2,481 ಕೋಟಿ ರೂಪಾಯಿ ಒಪ್ಪಿತು. ತಲುಪಬೇಕಾದ ರೈತರು 1 ಕೋಟಿ. ಈ ಭಾಗಾಕಾರಕ್ಕೆ ಕಾಗದ ಪೆನ್ಸಿಲು ಬೇಡ: ತಲೆಗೆ 2,481 ರೂಪಾಯಿ, ಅದರಲ್ಲೇ ತರಬೇತಿ, ಪ್ರಚಾರ, ಮೇಲ್ವಿಚಾರಣೆ ಎಲ್ಲವೂ ನಡೆಯಬೇಕು. 2022–23ರಲ್ಲಿ ರಸಗೊಬ್ಬರದ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ದಾಟಿತ್ತು. ಅದು ಉಕ್ರೇನ್ ಯುದ್ಧದಿಂದ ಬೆಲೆ ಏರಿದ ವರ್ಷವೆಂಬುದು ನಿಜವಾದರೂ, ಉಳಿದ ವರ್ಷಗಳ ಮೊತ್ತವೇನೂ ನಾಚಿಕೊಳ್ಳುವಷ್ಟು ಸಣ್ಣದಲ್ಲ. 45 ಕಿಲೋ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರಾಯಿತು. ಬೇವಿನ ಹಿಂಡಿಯ ಚೀಲಕ್ಕೆ ಅದರ ಹಲವು ಪಟ್ಟು ತೆರಬೇಕು. ಆ ಬೇವನ್ನೇ ಯೂರಿಯಾ ಕಾಳಿಗೆ ಲೇಪಿಸಿದರೆ ಸಬ್ಸಿಡಿ ಉಂಟು.

ಇನ್ನು ತರಬೇತಿ. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಹಾಕಿ ಕಲಕಿ ಜೀವಾಮೃತವೆಂಬ ದ್ರವಗೊಬ್ಬರ ಮಾಡುವುದನ್ನು, ಸಗಣಿ ಮುಟ್ಟಿ ಬಹಳ ಕಾಲವಾದವರು ಪರದೆಯ ಮೇಲೆ ತೋರಿಸುತ್ತಾರೆ. ಹುಟ್ಟಿದಂದಿನಿಂದ ಕೊಟ್ಟಿಗೆ ಬಾಚಿದವರು ಕುಳಿತು ನೋಡುತ್ತಾರೆ. ಆಮೇಲೆ ಡ್ರಮ್ಮಿನ ವಿತರಣೆ. ರೈತ ಡ್ರಮ್ಮಿನ ಪಕ್ಕದಲ್ಲಿ ನಿಂತ ಜಿಪಿಎಸ್ ಫೋಟೊ ಬೇಕು. ಡ್ರಮ್ಮಿನ ಮೇಲಿನ ಯೋಜನೆಯ ಹೆಸರು ಕಾಣಬೇಕು, ರೈತನ ಮುಖ ಕಾಣಬೇಕು, ಹಿನ್ನೆಲೆಯಲ್ಲಿ ಹಸಿರು ಕಾಣಬೇಕು. ‘ಸ್ವಲ್ಪ ಈಕಡೆ ಬನ್ನಿ ಯಜಮಾನ್ರೇ, ಆ ಹಸುವಿನ ಬಾಲ ಹೆಸರಿಗೆ ಅಡ್ಡ ಬರ್ತಿದೆ’ ಎಂದು ಫೋಟೊ ತೆಗೆಯುವ ಹುಡುಗ ಹೇಳುತ್ತಾನೆ. ಹಸುವನ್ನು ಆಚೆ ಕಟ್ಟಲಾಗುತ್ತದೆ. ಡ್ರಮ್ಮಿನೊಳಗೆ ಏನಾದರೂ ಇದೆಯೇ ಎಂಬ ಅಂಕಣ ಆ ನಮೂನೆಯಲ್ಲಿಲ್ಲ.

ಇಷ್ಟೆಲ್ಲ ದಾಟಿ ಬಂದ ತರಕಾರಿಗೆ ನೀರು ಯಾವುದು? ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಗಳು ತುಂಬಿದವು, ಬತ್ತಿದ ಕೊಳವೆಬಾವಿಗಳು ಜೀವ ಹಿಡಿದವು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೂ ಎದ್ದಿತು. ಮೂರನೇ ಹಂತದ ಸಂಸ್ಕರಣೆ ಮಾಡಿ ಕೊಡಿ ಎಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ರಾಜಧಾನಿ ತನ್ನ ಬಚ್ಚಲ ನೀರನ್ನು ಕೋಲಾರಕ್ಕೆ ಕಳಿಸಿ, ಅಲ್ಲಿಂದ ಪರಿಶುದ್ಧ ಪಾಲಕ್ ಸೊಪ್ಪನ್ನು ನಿರೀಕ್ಷಿಸುತ್ತದೆ, ಸೊಪ್ಪಿನವನ ಬಳಿ ಪ್ರಮಾಣಪತ್ರವನ್ನೂ ಕೇಳುತ್ತದೆ. ವಾರ್ಷಿಕ ವಹಿವಾಟು 12 ಲಕ್ಷ ಮೀರದ ಸಣ್ಣ ಬೆಳೆಗಾರ ಗ್ರಾಹಕರಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರ ಬೇಡವೆಂದು ಆಹಾರ ಸುರಕ್ಷತಾ ನಿಯಮವೇ ಹೇಳಿದೆ. ಆದರೆ ಹಾಗೆ ಮಾರುವವನು ಸಾವಯವ ಆಹಾರದ ಅಧಿಕೃತ ಮುದ್ರೆ ಬಳಸುವಂತಿಲ್ಲ, ಮುದ್ರೆ ಕಾಣದೆ ಗ್ರಾಹಕರು ಚೀಲ ಬಿಚ್ಚುವುದಿಲ್ಲ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆ ಇದೆ. ನಿಯಮಗಳಲ್ಲಿ ಒಂದನ್ನೂ ಕೈಬಿಡುವುದು ಬೇಡ, ಅವನ್ನು ಬದುವಿನ ಆಚೆ ಬದಿಗೆ ವರ್ಗಾಯಿಸಿದರೆ ಸಾಕು. ಕೀಟನಾಶಕ ಸಿಂಪಡಿಸಲು ಬಯಸುವವರು ಐವರ ಗುಂಪು ಕಟ್ಟಲಿ, ಪ್ರತಿಜ್ಞೆ ಸ್ವೀಕರಿಸಲಿ, ಅಂಚಿನಲ್ಲಿ ಜಾಗ ಬಿಡಲಿ, ಹೊಡೆದ ಪ್ರತಿ ಬಾಟಲಿಯನ್ನು ದಿನಚರಿಯಲ್ಲಿ ಬರೆಯಲಿ, ಎರಡು ವರ್ಷ ಕಾಯಲಿ, ಶುಲ್ಕ ಕಟ್ಟಿ ತಮ್ಮ ಟೊಮೆಟೊ ಬಾಕ್ಸಿನ ಮೇಲೆ ಮುದ್ರೆ ಹಾಕಿಸಿಕೊಳ್ಳಲಿ. ಆಡಳಿತವನ್ನು ಬಲ್ಲ ಹಿರಿಯರೊಬ್ಬರ ಮುಂದೆ ಇದನ್ನು ಇಟ್ಟಾಗ ಅವರು ನಿಜವಾಗಿಯೂ ನೊಂದುಕೊಂಡರು. ‘ಎಂಥ ಮಾತು ಸಾರ್! ಇಷ್ಟೊಂದು ಕಾಗದಪತ್ರ ಕೇಳಿದರೆ ಪಾಪ, ಸಣ್ಣ ರೈತ ಬದುಕೋದು ಹೇಗೆ?’