ಶನಿ ಉಂಗುರ ಅಡ ಇಟ್ಟ ವರ್ಷ

ಶನಿಯ ಉಂಗುರ ತೋರಿಸ್ತೀನಿ ಅಂತ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋಕೆ 2025ಕ್ಕಿಂತ ಕೆಟ್ಟ ವರ್ಷ ಸಿಗೋದು ಕಷ್ಟ. ಇದು ನಮಗೆ ಗೊತ್ತಾಗಿದ್ದು ನವೆಂಬರ್ ಚಳಿಯಲ್ಲಿ ಬೆಟ್ಟ ಹತ್ತಿ ಸಾಲಿನಲ್ಲಿ ನಿಂತ ಮೇಲೆ.

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಟ್ಟದ ಮೇಲೆ ಶಬೋ ಅನ್ನೋ ವಿಜ್ಞಾನ ಕೇಂದ್ರ ಇದೆ. ಶುಕ್ರವಾರ, ಶನಿವಾರ ರಾತ್ರಿ ಮೋಡ ಇಲ್ಲದಿದ್ದರೆ ಅಲ್ಲಿನ ಟೆಲಿಸ್ಕೋಪುಗಳಲ್ಲಿ ಯಾರು ಬೇಕಾದರೂ ಪುಕ್ಕಟೆ ಆಕಾಶ ನೋಡಬಹುದು. ತೋರಿಸೋರು ಸಂಬಳಕ್ಕೆ ಬಂದವರಲ್ಲ, ನಕ್ಷತ್ರದ ಹುಚ್ಚು ಹಿಡಿದ ಹವ್ಯಾಸಿಗಳು. ಕಿವಿ ಮುಚ್ಚೋ ಟೋಪಿ ಹಾಕಿಕೊಂಡು, ಬಂದವರ ಅದದೇ ಪ್ರಶ್ನೆಗೆ ಅದೇ ಉತ್ಸಾಹದಲ್ಲಿ ಉತ್ತರ ಕೊಡ್ತಾರೆ. ಮೂರು ದೊಡ್ಡ ಟೆಲಿಸ್ಕೋಪುಗಳಿಗೆ ಲೀಯಾ, ರೇಚಲ್, ನೆಲ್ಲಿ ಅಂತ ಹೆಸರೂ ಇದೆ, ನಮ್ಮೂರ ಕೊಟ್ಟಿಗೆಯಲ್ಲಿ ಗೌರಿ ಗಂಗೆ ಇದ್ದ ಹಾಗೆ. ಲೀಯಾ ಎಂಟಿಂಚು ಮಸೂರದ್ದು, 1883ರ ಕಾಲದ್ದು. "ನಮ್ಮಜ್ಜಿಗಿಂತ ದೊಡ್ಡವಳು" ಅಂದಳು ಅಮ್ಮ, ತಕ್ಷಣ ಗೌರವ ಜಾಸ್ತಿ ಆಯ್ತು.

ಆದರೆ ಅಮ್ಮನನ್ನು ಹೊರಡಿಸೋದೇ ದೊಡ್ಡ ಕೆಲಸ. ಅವಳದು ಮೀನ ರಾಶಿ. ಊರಿನ ಪಂಚಾಂಗದ ಪ್ರಕಾರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದು ಕೂತಿದ್ದಾನೆ, ಅಂದರೆ ಸಾಡೇಸಾತಿಯ ನಟ್ಟನಡುವೆ ಇದ್ದಾಳೆ. ವಾರ ವಾರ ಎಳ್ಳೆಣ್ಣೆ ದೀಪ ಹಚ್ಚಿ ದೂರ ಇರಪ್ಪಾ ಅಂತ ಬೇಡಿಕೊಳ್ಳೋನನ್ನು, ಪೆಟ್ರೋಲು ಸುಟ್ಟುಕೊಂಡು ಹೋಗಿ ಹತ್ತಿರಕ್ಕೆ ಎಳೆದು ನೋಡಬೇಕಾ? ಅದೂ ಶನಿವಾರ? ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ಸಮಾಧಾನ ಹೇಳಿದರು, "ಅವನಿಗೆ ಸೂರ್ಯನ್ನ ಒಂದು ಸುತ್ತು ಹಾಕೋಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಕಣೇ. ಹನ್ನೆರಡು ರಾಶಿಗೆ ಹಂಚು. ಒಂದೊಂದಕ್ಕೆ ಹತ್ತಿರ ಹತ್ತಿರ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಬರೀ ಬಡ್ಡಿ ಲೆಕ್ಕ ಇದು." ಸಮಾಧಾನ ಆಯ್ತೋ ಇಲ್ವೋ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕಾರು ಹತ್ತಿದಳು.

ಅಲ್ಲಿ ಎಲ್ಲರ ಕೈಲೂ ಕೆಂಪು ಟಾರ್ಚು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕಂತೆ, ಒಂದು ಸಲ ಬಿಳಿ ಬೆಳಕು ಬಿದ್ದರೆ ಅಷ್ಟೂ ಹೊತ್ತು ನಿಂತಿದ್ದು ದಂಡ. ಹಾಗಾಗಿ ಫೋನು ಒಳಗಿಡಿ ಅಂತ ಮೊದಲೇ ಹೇಳಿದ್ದರು. ಆದರೆ ಇಲ್ಲಿ ರಾತ್ರಿ ಎಂಟೂವರೆ ಅಂದರೆ ತುಮಕೂರಲ್ಲಿ ಬೆಳಿಗ್ಗೆ ಹತ್ತು, ಚಿಕ್ಕಪ್ಪ ತಿಂಡಿ ಮುಗಿಸಿ ವೀಡಿಯೊ ಕಾಲ್ ಮಾಡೋ ಹೊತ್ತು. ಅಪ್ಪನ ಜೇಬಿನಲ್ಲಿ ಸುಪ್ರಭಾತ ಮೊಳಗಿತು. ಗಾಬರಿಯಲ್ಲಿ ಕಟ್ ಮಾಡೋಕೆ ಹೋಗಿ ಎತ್ತಿಬಿಟ್ಟರು. ಸಾಲಿನಲ್ಲಿದ್ದ ಅಷ್ಟೂ ಜನರ ಮುಖ ಬೆಳ್ಳಗೆ ಬೆಳಗಿತು. "ಏನಣ್ಣಾ, ಬರೀ ಕತ್ತಲು? ಅಮೆರಿಕದಲ್ಲೂ ಕರೆಂಟ್ ಹೋಗುತ್ತಾ?" ಅಂತ ಚಿಕ್ಕಪ್ಪ ಸ್ಪೀಕರಿನಲ್ಲಿ ಕೂಗಿದ್ದು ಇಡೀ ಗುಮ್ಮಟಕ್ಕೆ ಕೇಳಿಸಿತು. ಪುಣ್ಯಕ್ಕೆ ಕನ್ನಡದಲ್ಲಿತ್ತು. ಆದರೂ ನಮ್ಮ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಈ ಊರಲ್ಲಿ ಕನ್ನಡದವರು ಎಲ್ಲಿ ಇರಲ್ಲ ಹೇಳಿ!

ಅಮ್ಮನ ಸರದಿ. ಸೀರೆ ನೆರಿಗೆ ಎತ್ತಿ ಹಿಡಿದು ಪುಟ್ಟ ಏಣಿ ಹತ್ತಿದಳು, ಬಗ್ಗಿದಳು. "ಏನೂ ಕಾಣ್ತಿಲ್ಲ." ಕಾಣೋದಾದರೂ ಹೇಗೆ? ಶನಿಯ ಗುಡಿಯಲ್ಲಿ ಎದುರಿಗೆ ನಿಲ್ಲಬಾರದಲ್ವಾ, ಅವನ ದೃಷ್ಟಿ ನೇರ ಬೀಳಬಾರದಲ್ವಾ. ಅದಕ್ಕೆ ಇಲ್ಲೂ ಕತ್ತು ಓರೆ ಮಾಡಿ, ಪಕ್ಕದಿಂದ ಇಣುಕ್ತಾ ಇದ್ದಳು. ಪಾಪ, ಆ ಹವ್ಯಾಸಿ ತಾತ ಕಣ್ಣು ನಡುವಿಗೆ ತನ್ನಿ, ಇನ್ನೂ ನಡುವಿಗೆ ಅಂತ ಇಂಗ್ಲಿಷಿನಲ್ಲಿ ಹೇಳ್ತಾನೇ ಇದ್ದರು. ಕೊನೆಗೆ ಧೈರ್ಯ ಮಾಡಿ ನೇರ ನೋಡಿದಳು, "ಅಯ್ಯೋ ಬಂದ" ಅಂದಳು, ಆ ಭಕ್ತಿಯಲ್ಲೇ ಟೆಲಿಸ್ಕೋಪನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಶನಿ ಹೋದ. ಅಷ್ಟು ದೂರ ನೋಡೋ ಕೊಳವೆ ಕೂದಲೆಳೆಯಷ್ಟು ಅಲುಗಿದರೂ ಸಾಕಲ್ಲ. ತಾತ ಮತ್ತೆ ಹುಡುಕಿ ಹಿಡಿಯೋವರೆಗೂ ಸಾಲು ಸುಮ್ನೆ ನಿಂತಿತ್ತು.

ಅದಿರಲಿ, ಉಂಗುರ ಎಲ್ಲಿ? ಚಿತ್ರಗಳಲ್ಲಿ ನೋಡಿದ ಅಗಲದ ಬಳೆ ಇಲ್ಲವೇ ಇಲ್ಲ. ದುಂಡಗಿನ ಚುಕ್ಕಿಗೆ ಸೂಜಿ ಚುಚ್ಚಿದಂತೆ ಒಂದು ಗೆರೆ, ಅಷ್ಟೇ. ಮಗ ಮುಖ ಊದಿಸಿಕೊಂಡ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಉಂಗುರದ ಅಂಚು ಮಾತ್ರ ನಮ್ಮ ಕಡೆ ತಿರುಗುತ್ತಂತೆ. ಈ ಕೊನೆಯಿಂದ ಆ ಕೊನೆಗೆ ಎರಡೂವರೆ ಲಕ್ಷ ಕಿಲೋಮೀಟರಿಗೂ ಜಾಸ್ತಿ ಇದ್ದರೂ ದಪ್ಪ ಬಹಳ ಕಡೆ ಹತ್ತಾರು ಮೀಟರು, ಅಂಚಿನಿಂದ ನೋಡಿದರೆ ಮಾಯ. ಗೆಲಿಲಿಯೋ 1610ರಲ್ಲಿ ಶನಿಯ ಅಕ್ಕಪಕ್ಕ ಏನೋ ಇದೆ ಅಂತ ಕಂಡು, 1612ರಲ್ಲಿ ಅದೇ ಕಾಣದೆ ತಲೆ ಕೆಡಿಸಿಕೊಂಡಿದ್ದ. ಈ ಸಲ ಮಾರ್ಚ್ 23ಕ್ಕೆ ಹಾಗಾಗಿತ್ತು, ನವೆಂಬರಿನಲ್ಲಿ ಮತ್ತೆ ಹತ್ತಿರ ಹತ್ತಿರ ಅದೇ ಗತಿ ಅಂತ ತಾತ ಖುಷಿಯಾಗಿ ವಿವರಿಸಿದರು. ಇಂಥದ್ದು ನೋಡಸಿಗೋದು ಅಪರೂಪ, ನೀವು ಅದೃಷ್ಟವಂತರು ಅಂತ ಬೇರೆ ಹೇಳಿದರು.

ಅಮ್ಮ ಕೇಳಿದ್ದು ತಾರೀಖು ಮಾತ್ರ. ಮಾರ್ಚ್ 23ಕ್ಕೆ ಉಂಗುರ ಮಾಯ, ವಾರದೊಳಗೆ ಮೀನಕ್ಕೆ ಪ್ರವೇಶ. ಕಾರಿನಲ್ಲಿ ಚಿಕ್ಕಮ್ಮನಿಗೆ ಫೋನಿನಲ್ಲಿ ವರದಿ ಒಪ್ಪಿಸಿದಳು, "ಸೊರಗಿ ಹೋಗಿದಾನೆ ಕಣೇ. ನಮ್ಮ ರಾಶಿಗೆ ಬರೋ ಮುಂಚೆ ಉಂಗುರಾನೂ ಅಡ ಇಟ್ಟಿದಾನೆ. ಅವನಿಗೇ ಸಾಡೇಸಾತಿ ಹಿಡಿದ ಹಾಗಿದೆ, ನಮಗೇನು ಮಾಡ್ತಾನೆ ಬಿಡು."

ಭಯ ಹೋಯ್ತು, ಆಸೆ ಶುರುವಾಯ್ತು. ಈಗ ಗುರುವನ್ನು ನೋಡಬೇಕಂತೆ. ಜನವರಿ 10ರ ಸುಮಾರಿಗೆ ಗುರು ಭೂಮಿಗೆ ಹತ್ತಿರ, ಚೆನ್ನಾಗಿ ಕಾಣ್ತಾನೆ ಅಂತ ತಾತ ಹೇಳಿದ್ದನ್ನು ಮಗನಿಂದ ಅನುವಾದ ಮಾಡಿಸಿಕೊಂಡಿದ್ದಾಳೆ. ವಾಪಸ್ ಟಿಕೆಟ್ ಇರೋದು ಡಿಸೆಂಬರಿಗೆ. ತಾರೀಖು ಬದಲಿಸೋಕೆ ವಿಮಾನದವರು ಕೇಳಿದ ದುಡ್ಡು ನೋಡಿ ಅಪ್ಪ ಕನ್ನಡಕ ತೆಗೆದಿಟ್ಟರು. "ಗುರು ಬರಿಗಣ್ಣಿಗೇ ಕಾಣ್ತಾನೆ. ತುಮಕೂರಲ್ಲಿ ತಾರಸಿ ಇದೆ, ಹತ್ತು."